ಎಡಗೈ ಕಟ್ಟಿದ ಹುಸಿಮೀನು

ಕೊನೆಯ ಗಂಟೊಂದೇ ಬಾಕಿಯಿತ್ತು. ಲಕ್ವ ಹೊಡೆದ ಮೇಲೆ ಅತ್ತೆಯ ಬಲಗೈ ಮಡಿಲು ಬಿಟ್ಟು ಏಳುತ್ತಿರಲಿಲ್ಲ. ಗಾಳದ ಕೊಕ್ಕೆಗೆ ಸೀಸದ ತಂತಿ ಸುತ್ತಿ, ಗರಿ ಬಿಗಿದು, ಟ್ರೌಟ್ ಮೀನಿಗೆ ಆಸೆ ಹುಟ್ಟಿಸುವ ಹುಸಿಮೀನನ್ನು ಎಡಗೈಯಲ್ಲೇ ಕಟ್ಟುತ್ತಿದ್ದರು.

“ಕೊಡಿ ಅತ್ತೆ, ಗಂಟು ನಾನು ಹಾಕ್ತೀನಿ,” ಎಂದಳು ಸೊಸೆ.

“ಬೇಡ. ಕೈ ಹೋದ್ರೇನು, ನನ್ನ ಬಾಯಿ ಎಷ್ಟು ಗಟ್ಟಿ ಅಂತ ನಿನಗೆ ಗೊತ್ತಲ್ಲ!” ಎಂದ ಅತ್ತೆ ನೂಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದರು. ಗಂಟು ಬಿಗಿಯಿತು.

ಮನೆಯ ಹಿಂದಿನ ತೊರೆಗೆ ಅತ್ತೆ ಗಾಳ ಎಸೆದಾಗ ಹುಸಿಮೀನು ಸೀಸದ ಭಾರಕ್ಕೆ ಸರ್ರನೆ ಬಂಡೆಯಡಿಗೆ ಇಳಿಯಿತು. ದಾರ ಜಗ್ಗಿತು. ನೆರವಿಗೆ ಓಡಿಬಂದ ಸೊಸೆಯನ್ನು ಅತ್ತೆ ಕಣ್ಣಲ್ಲೇ ತಡೆದು, ಗಾಳದ ಕೋಲನ್ನು ಕಂಕುಳಲ್ಲಿ ಅವುಚಿಕೊಂಡು ಹಿಂದಹಿಂದಕ್ಕೆ ನಡೆದರು. ಮೊಳದುದ್ದದ ಟ್ರೌಟ್ ದಡದ ಹುಲ್ಲಿಗೆ ಬಂದು ಬಿತ್ತು.

“ಏನೇ, ಬಾಯಿ ಬಿಟ್ಕೊಂಡು ನಿಂತೆ? ದೊಡ್ಡ ಬುಟ್ಟಿ ತಗೊಂಡ್ಬಾ!”