ಎರಡನೆಯ ಸಾಲು

ತಾಳ ಹಾಕುತ್ತಿದ್ದ ಪಟ್ಟಾಭಿರಾಮಯ್ಯನವರ ಕೈ ಎರಡನೆಯ ಸಾಲಿಗೆ ಬಂದದ್ದೇ ನಿಂತುಬಿಟ್ಟಿತು. ಎದುರಿಗೆ ಚಾಪೆಯ ಮೇಲೆ ಕೂತು ಹಾಡುತ್ತಿದ್ದ ಸುಗುಣಮಣಿಯೂ ನಿಲ್ಲಿಸಿದಳು. ಶ್ರುತಿಪೆಟ್ಟಿಗೆ ಮಾತ್ರ ತನ್ನ ಪಾಡಿಗೆ ಗುಂಯ್‌ಗುಡುತ್ತಿತ್ತು.

“ಹಾಡಬೇಡ. ಸುಮ್ಮನೆ ಓದು.”

ಸುಗುಣ ಓದಿದಳು.

“ಲೇಸ ಕಂಡೆನು ನಿನ್ನ ಬಳಿಯಲಿ
ದೇವ ನೀನೇ ನನ್ನ ನೆರಳು
ಬೇಸರಿಸದೆ ಕಾಯ್ದೆ ನನ್ನನು...”

“ಲೇಸ, ಬೇಸರ. ಮಧ್ಯೆ ಈ ದೇವ ಎಲ್ಲಿಂದ ಬಂದ? ಪ್ರಾಸ ಮುರೀತಲ್ಲಮ್ಮ. ಮೇಲೂ ಸಕಾರ, ಕೆಳಗೂ ಸಕಾರ ಇಟ್ಟವಳು ನಡುವೆ ಎಡವೋದಿಲ್ಲ. ಮೊದಲು ಏನು ಬರೆದಿದ್ದೆ?”

ಸುಗುಣ ರುದ್ರಪಟ್ಟಣದ ಶಾಲೆಗೆ ಟೀಚರಾಗಿ ಬಂದು ಮೂರು ವರ್ಷವಾಗಿತ್ತು. ಊರಿಗೆಲ್ಲ ಅವಳೊಬ್ಬಳೇ ಕ್ರೈಸ್ತಳು. ಸಂಗೀತದ ಮೇಷ್ಟ್ರು ಪಟ್ಟಾಭಿರಾಮಯ್ಯನವರ ಇದೇ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಶನಿವಾರ ಶಾಲೆ ಬಿಟ್ಟ ಮೇಲೆ ಸಂಗೀತ ಪಾಠ. ಭಾನುವಾರ ಬೆಳಗ್ಗೆ ಹಾಸನದ ಬಸ್ಸು ಹತ್ತಿ ಚರ್ಚಿಗೆ ಹೋಗುತ್ತಾಳೆಂಬುದು ಎಲ್ಲರಿಗೂ ಗೊತ್ತು. ಅದರ ಬಗ್ಗೆ ಇವರು ಕೇಳಿದವರಲ್ಲ, ಅವಳು ಹೇಳಿದವಳಲ್ಲ. ಹೋದ ವಾರ ಪಾದ್ರಿಗಳು, “ಆ ಮನೆಯವರಿಗೆ ಪ್ರಭುವಿನ ವಿಷಯ ಒಂದು ಮಾತಾದರೂ ಹೇಳಿದ್ದೀಯೇನಮ್ಮ?” ಎಂದು ಕೇಳಿದಾಗ ತಲೆ ತಗ್ಗಿಸಿದ್ದಳು. ಕ್ರಿಸ್‌ಮಸ್ಸಿಗೆಂದು ತಾನೇ ಬರೆದ ಹಾಡಿಗೆ ಮೇಷ್ಟ್ರ ಕೈಲಿ ರಾಗ ಹಾಕಿಸಿಕೊಳ್ಳುವ ಆಸೆಯಿಂದ ಇವತ್ತು ತಂದಿದ್ದಳು. ಹಿತ್ತಲು ದಾಟಿ ನಡುಮನೆಗೆ ಬರುವಷ್ಟರಲ್ಲಿ ಧೈರ್ಯ ಸಾಲದೆ ಒಂದು ಹೆಸರನ್ನು ಬದಲಿಸಿಬಿಟ್ಟಿದ್ದಳು.

“ಯೇಸು ಅಂತಿತ್ತು, ಮೇಷ್ಟ್ರೇ.”

ಪಟ್ಟಾಭಿರಾಮಯ್ಯ ಕೈಚಾಚಿ ಶ್ರುತಿಪೆಟ್ಟಿಗೆ ಆರಿಸಿದರು.

“ಮತ್ತೆ ಯಾಕೆ ತೆಗೆದೆ?”

“ನಿಮಗೆ ಬೇಜಾರಾಗುತ್ತೆ ಅಂತ.”

“ನನಗೆ ಬೇಜಾರಾದರೆ ಅದು ನನ್ನ ಪಾಡು. ನಂಬಿದವನ ಹೆಸರನ್ನ ನೀನೇ ಬಚ್ಚಿಟ್ಟರೆ ಕೇಳೋನು ಏನು ತಿಳ್ಕೋಬೇಕು? ಅವನು ನಿನಗೇನು ಮಾಡಿದ, ಅದನ್ನ ಹೇಳು.”

ಇಂಥ ದಿನಕ್ಕೆಂದೇ ಮನಸ್ಸಿನಲ್ಲಿ ಸಿದ್ಧಮಾಡಿಟ್ಟುಕೊಂಡಿದ್ದ ವಾಕ್ಯಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಬಂದದ್ದು ಅವ್ವ.

“ನಮ್ಮವ್ವ ಆಸ್ಪತ್ರೇಲಿ ಸಾಯ್ತಿದ್ದಾಗ ಒಳಗೆ ಹೋಗೋಕೆ ನನಗೆ ಭಯ. ವರಾಂಡದಲ್ಲೇ ನಿಂತು ಅವನನ್ನ ಕೂಗಿದೆ. ಕಾಯಿಲೆ ವಾಸಿಯಾಗಲಿಲ್ಲ, ಮೇಷ್ಟ್ರೇ. ಆದರೆ ಭಯ ಹೋಯ್ತು. ಕೈಗೆ ಮೊಳೆ ಹೊಡೆಸಿಕೊಂಡು, ಹೊಡೆದೋರನ್ನೇ ಕ್ಷಮಿಸು ಅಂತ ಬೇಡಿಕೊಂಡು ಸತ್ತವನು ಅವನು. ಸಾಯೋರ ಪಕ್ಕದಲ್ಲಿ ಹೆಂಗೆ ಕೂರಬೇಕು ಅಂತ ಅವನಿಗೆ ಗೊತ್ತು. ಒಳಗೆ ಹೋದೆ, ಅವ್ವನ ತಲೆ ತೊಡೆ ಮೇಲಿಟ್ಕೊಂಡು ಕೊನೇವರೆಗೂ ಕೂತಿದ್ದೆ. ಅವನು ಸತ್ತು ಎದ್ದ. ಅವ್ವನೂ ಏಳ್ತಾಳೆ ಅಂತ ನಂಬಿದ್ದೀನಿ.”

ಪಟ್ಟಾಭಿರಾಮಯ್ಯ ಗೋಡೆಯ ಮೇಲಿನ ಪಟ್ಟಾಭಿಷೇಕದ ಪಟದ ಕಡೆ ನೋಡಿದರು.

“ನಮ್ಮ ರಾಮನೂ ಹಾಗೇ ಕಣಮ್ಮ, ಕರೆದರೆ ಬರ್ತಾನೆ. ಹೆಸರು ಬೇರೆ, ಇರೋನು ಒಬ್ಬನೇ. ಅಲ್ಲವೇ?”

ಹೌದೆಂದು ತಲೆಯಾಡಿಸಿದರೆ ಸಾಕಿತ್ತು. ರಾಗವೂ ಸಿಗುತ್ತಿತ್ತು, ಕೋಣೆಯೂ ಉಳಿಯುತ್ತಿತ್ತು. ಸುಗುಣ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

“ಹಂಗಂದ್ರೆ ನಿಮ್ಮ ಮುಂದೆ ಸುಳ್ಳು ಹೇಳಿದಂಗಾಗುತ್ತೆ, ಮೇಷ್ಟ್ರೇ. ನನಗೆ ಅವನೊಬ್ಬನೇ. ನಿಮಗೂ ಅವನು ಬೇಕು ಅಂತಲೇ ನನ್ನ ನಂಬಿಕೆ. ಹೇಳೋಕೆ ಇಷ್ಟು ದಿನ ಹೆದರಿಕೊಂಡಿದ್ದೆ.”

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸತೊಡಗಿದರು. ಒರೆಸಿದ ಮೇಲೂ ಒರೆಸುತ್ತಲೇ ಇದ್ದರು.

“ನಾನು ಒಪ್ಪೋದಿಲ್ಲ. ಬುದ್ಧಿ ತಿಳಿದಾಗಿನಿಂದ ರಾಮನ್ನ ಹಾಡಿದ ಗಂಟಲು ಇದು.”

“ಗೊತ್ತು, ಮೇಷ್ಟ್ರೇ.”

“ಗೊತ್ತಿದ್ದೂ ಹೇಳಿದೆ. ಸರಿ.” ಕನ್ನಡಕ ಹಾಕಿಕೊಂಡರು. “ಈಗ ಹೇಳಿದೆಯಲ್ಲ, ಅದೇ ದನಿಯಲ್ಲಿ ಹಾಡು. ಆಗಿನಿಂದ ಕಳ್ಳರ ಹಾಗೆ ಹಾಡ್ತಿದ್ದೆ. ಮೋಹನ ರಾಗಕ್ಕೆ ಕೂರುತ್ತೆ ಇದು. ಎರಡನೇ ಸಾಲನ್ನ ಮೇಲಿನ ಷಡ್ಜದಿಂದಲೇ ಎತ್ತಿಕೋ.”

ಸುಗುಣ ಎತ್ತಿಕೊಂಡಳು. ಮೊದಲು ಬರೆದದ್ದನ್ನು ಬರೆದ ಹಾಗೆಯೇ ಹಾಡಿದಳು. ಮೇಷ್ಟ್ರ ಕೈ ತೊಡೆಯ ಮೇಲೆ ಸರಿಯಾಗಿ ಬೀಳುತ್ತಿತ್ತು; ಒಂದು ಕಡೆಯೂ ನಿಲ್ಲಲಿಲ್ಲ. ಹಾಡು ಮುಗಿಸಿ ಕಣ್ಣು ಬಿಟ್ಟಾಗ ಅಡುಗೆಮನೆಯ ಬಾಗಿಲಲ್ಲಿ ಮೇಷ್ಟ್ರ ಹೆಂಡತಿ ಶ್ರೀರಂಗಮ್ಮ ನಿಂತಿದ್ದರು. ಅವರು ನೋಡುತ್ತಿದ್ದದ್ದು ಗಂಡನನ್ನಲ್ಲ, ಸುಗುಣಳನ್ನು.

“ಅವನ ಕೈಗೆ ಮೊಳೆ ಹೊಡೆಯೋವಾಗ ಅವನ ತಾಯಿ ಬದುಕಿದ್ದಳೇನೇ?”

“ಬದುಕಿದ್ದಳು, ಅಮ್ಮ. ಅಲ್ಲೇ ಎದುರಿಗೇ ನಿಂತಿದ್ದಳು.”

ಶ್ರೀರಂಗಮ್ಮ ಒಳಗೆ ಹೋದರು. ಒಲೆ ಆರಿಸಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹಿಂದಿರುಗಿ ಬಂದು, ಚಾಪೆಯ ಮೇಲೆ ಸುಗುಣಳಿಗೆ ಮಂಡಿ ತಾಗುವಷ್ಟು ಹತ್ತಿರ ಕುಳಿತರು.

“ಅವಳ ಕಥೆ ಹೇಳು.”