ರಾಮನಗರದ ಸವತಿ

ಬಾಗಿಲು ತೆರೆದ ಹುಡುಗಿ ಚೆಲುವೆ ಬೇರೆ! ಬಸವಲಿಂಗಮ್ಮನ ಹೊಟ್ಟೆ ಇನ್ನಷ್ಟು ಉರಿಯಿತು.

ದೊಡ್ಡಆಲಹಳ್ಳಿಯಿಂದ ಬಸ್ಸು ಹಿಡಿದು, ರಾಮನಗರದ ಹೊಸ ಫ್ಯಾಕ್ಟರಿಯ ಹಿಂದಿನ ಸಾಲುಮನೆಗಳಲ್ಲಿ ಈ ಮೇಘನಾಳನ್ನು ಹುಡುಕಿ ಬಂದಿದ್ದಳು. ಗಂಡ ನಂಜಪ್ಪ ಮೇಷ್ಟ್ರು ನಾಡೆಲ್ಲ ಹೊಗಳುವ ಕವಿ. ಹೆಂಡತಿಗೆ ಎಂದಾದರೂ ಎರಡು ಸಾಲು ಬರೆದಿದ್ದುಂಟೇ? ಇವಳಿಗೆ ಮಾತ್ರ ವಾರ ವಾರ ಪತ್ರ, ಜೊತೆಗೊಂದು ಕ್ಯಾಸೆಟ್! ಕೇಳಿದರೆ, "ನನ್ನ ಪದ್ಯ ಹಾಡ್ತಾಳೆ ಕಣೆ" ಎಂಬ ಉತ್ತರ.

ದೀಪಾವಳಿ ಹೊತ್ತಿಗೆ, ಮೇಷ್ಟ್ರು ಸ್ನಾನಕ್ಕೆ ಹೋದಾಗ, ಅರ್ಧ ಬರೆದಿಟ್ಟ ಪತ್ರವನ್ನು ಓದಿಯೇಬಿಟ್ಟಳು. "ಆ ದನಿ ಕಿವಿಗೆ ಬೀಳದಿದ್ದರೆ ನನಗೆ ಒಂದು ಸಾಲೂ ಹುಟ್ಟುವುದಿಲ್ಲ, ಮೇಘನಾ."

ಅಂದಿನಿಂದ ಮಾತು ಬಿಟ್ಟಳು. ರೇಷ್ಮೆ ಹುಳುಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಹೆಚ್ಚುವಾಗಿನ ಗುನುಗೂ ನಿಂತಿತು. ಉರಿಯುವ ಹೊಟ್ಟೆಯಿಂದ ಹಾಡು ಎಲ್ಲಿಂದ ಬರಬೇಕು? ಅತ್ತ ಮೇಷ್ಟ್ರೂ ಪೆನ್ನು ಹಿಡಿದು ಮಂಕಾಗಿ ಕೂರತೊಡಗಿದರು. ಈ ವಯಸ್ಸಿಗೆ ವಿರಹ! ಇಂದು ಇತ್ಯರ್ಥವಾಗಲೇಬೇಕು, ಇಲ್ಲದಿದ್ದರೆ ಇಲ್ಲಿಂದ ನೇರ ತವರಿಗೆ. ಬಟ್ಟೆಯ ಚೀಲ ಕೈಯಲ್ಲೇ ಇತ್ತು.

"ನಾನು ಮೇಷ್ಟ್ರ ಊರೋಳು" ಎಂದಳು.

ಮೇಘನಾಳ ಮುಖ ಅರಳಿತು. "ಕ್ಯಾಸೆಟ್ ಕಳ್ಸವ್ರಾ?"

"ಯಾಕೆ, ಅವರ ಮಾತು ಕೇಳ್ದೆ ನಿಂಗೆ ಹೊತ್ತು ಹೋಗಕಿಲ್ವಾ?"

"ಅದ್ರಾಗೆ ಮೇಷ್ಟ್ರು ಒಂದು ಮಾತೂ ಆಡಕಿಲ್ಲ ಕಣಮ್ಮ. ಒಬ್ಬರು ಹೆಂಗಸು ಗುನುಗ್ತಾರೆ. ಆ ರಾಗಕ್ಕೆ ಮೇಷ್ಟ್ರು ಪದ ಕಟ್ಟಿ ಕಾಗದದಾಗೆ ಬರೀತಾರೆ, ನಾನು ಹಾಡ್ತೀನಿ, ಅಷ್ಟೆ."

ಅಯ್ಯೋ ಶಿವನೇ, ಇನ್ನೊಬ್ಬಳು! ಇವಳೊಬ್ಬಳು ಸಾಲದೆಂದು ಮತ್ತೊಬ್ಬಳೇ?

"ಯಾರವಳು?"

"ಹೆಸ್ರು ಹೇಳಿಲ್ಲ ಕಣಮ್ಮ. ಗೊತ್ತಾದ್ರೆ ಆಯಮ್ಮ ನಾಚ್ಕೊಂಡು ಬಾಯಿ ಮುಚ್ಕೋತಾರೆ ಅಂತ ಮೇಷ್ಟ್ರು ಕದ್ದು ರೆಕಾರ್ಡ್ ಮಾಡ್ತಿದ್ರಂತೆ. ದೀಪಾವಳಿಯಿಂದ ಆಯಮ್ಮ ಯಾಕೋ ಹಾಡೋದೇ ನಿಲ್ಲಿಸ್ಬುಟ್ಟವ್ರಂತೆ. ಮೇಷ್ಟ್ರು ಪದ ಕಟ್ಟೋದೂ ನಿಂತೋಯ್ತು. ನೀವು ಆ ಊರೋರೇ ಅಲ್ವಾ, ಕೇಳಿ, ಗುರುತು ಹಿಡೀತೀರ."

ಮೇಘನಾ ಗುಂಡಿ ಒತ್ತಿದಳು. ಸೊಪ್ಪು ಹೆಚ್ಚುವ ಕತ್ತಿಯ ಸದ್ದು, ಅದರ ಮೇಲೆ ತೇಲುವ ಒಂದು ಹೆಣ್ಣುದನಿ. ಇದ್ದಕ್ಕಿದ್ದಂತೆ ಹಾಡು ನಿಂತು ದನಿ ಗದರಿತು: "ರೀ, ಕವಿಗಳೇ! ಕರ ಹಾಲೆಲ್ಲ ಕುಡೀತಾ ಐತೆ, ಎದ್ದು ಕಟ್ಟಾಕ್ರೀ!"

ನಂಜಪ್ಪ ಮೇಷ್ಟ್ರನ್ನು ಹಾಗೆ ಗದರುವವಳು ಭೂಮಿಯ ಮೇಲೆ ಒಬ್ಬಳೇ. ಅವಳೀಗ ಮೇಘನಾಳ ಹೊಸಿಲಲ್ಲಿ ಕುಸಿದು ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.