ಮೀಸೆಯ ದೂರು

ಹೊಲಿದ ಅಂಗಿ ಕಂಕುಳಲ್ಲಿ ಬಿಗಿಯಾಯಿತೆಂದು ಪೈಲ್ವಾನ ಬೀದಿಯ ತುಂಬಾ ಹಂಗಿಸಿದ್ದಕ್ಕೆ ನರಪೇತಲ ದರ್ಜಿ ಕತ್ತರಿ ಎತ್ತಿ, "ನೀನು ಮಲಗಿದ್ದಾಗ ಬಂದು ಮೀಸೆ ಕತ್ತರಿಸಿಬಿಡ್ತೀನಿ" ಎಂದಿದ್ದ. ವಾರ ಕಳೆದ ಮೇಲೆ ಪೈಲ್ವಾನ ಠಾಣೆಗೆ ಹೋಗಿ ಬೆದರಿಕೆಯ ದೂರು ಹೇಳಿದ. ದರ್ಜಿಯನ್ನೂ ಕರೆಸಿ ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು.

"ನಿಮಗೆ ಹೆದರಿಕೆ ಆಯ್ತಾ?" ಎಂದರು ದಫೇದಾರರು.

"ನನಗಾ? ಆ ಕಡ್ಡಿ ಪೈಲ್ವಾನನಿಗೆ ನಾನು ಹೆದರೋದಾ?" ಪೈಲ್ವಾನ ಮೀಸೆ ತಿರುವಿದ.

"ಹಾಗಾದ್ರೆ ಮನೆಗೆ ಹೋಗಿ ಸ್ವಾಮಿ. ಹೆದರದೇ ಇರೋರ ದೂರು ನಾನ್ಹೇಗೆ ಬರ್ಕೊಳ್ಲಿ?"

ಪೈಲ್ವಾನ ಬಾಗಿಲವರೆಗೆ ಹೋದ. ಮನೆಯ ಮಂಚ ನೆನಪಾಯಿತು, ಕತ್ತರಿಯೂ ನೆನಪಾಯಿತು. ಮರಳಿ ಬಂದು ಮೇಜಿನ ಮೇಲೆ ಬಗ್ಗಿ ಪಿಸುಗುಟ್ಟಿದ: "ಸ್ವಲ್ಪ ಆಯ್ತು."

"ಏನಂದ್ರಿ? ಕೇಳಿಸ್ಲಿಲ್ಲ."

"ಹೆದರ್ಕೊಂಡೆ ಸ್ವಾಮಿ! ಅವತ್ತಿಂದ ಮೀಸೆ ಮುಚ್ಕೊಂಡೇ ಮಲಗ್ತಿದೀನಿ!"

ಕೂಗು ಠಾಣೆಯಾಚೆಗೂ ಕೇಳಿಸಿತು. ದರ್ಜಿ ಒಳಗೋಡಿ ಬಂದು ದಫೇದಾರರಿಗೆ ಕೈಮುಗಿದ.

"ಇವರನ್ನ ಒಂದ್ ಗಳಿಗೆ ಕೂರಿಸ್ಕೊಂಡಿರಿ ಸ್ವಾಮಿ, ನಮ್ಮನೆಯವಳನ್ನ ಕರ್ಕೊಂಡ್ ಬರ್ತೀನಿ. ಅದನ್ನೇ ಇನ್ನೊಂದ್ಸಲ ಹೇಳ್ಲಿ."